ಡ್ರಾ ಸಿಕ್ಕಿಕೊಂಡರೆ ಮೊದಲು ಮೀಟರ್ ಹಿಡಿಯಿರಿ

(ದಾವಣಗೆರೆಯಲ್ಲಿ ಬಾಡಿ ಕಟ್ಟುವವರು, ಐಟಿಐ ವಿದ್ಯಾರ್ಥಿಗಳು ಮತ್ತು ಕೆಲವು ಕ್ಯಾರವಾನ್ ಮಾಲೀಕರ ಮುಂದೆ ಆಡಿದ ಮಾತಿನ ಬರಹ ರೂಪ)

ನಮ್ಮ ಮನೆಯಲ್ಲಿ ಅದಕ್ಕೆ ‘ಡ್ರಾ’ ಅಂತಲೇ ಹೆಸರು. ಮಕ್ಕಳು ಇಟ್ಟ ಹೆಸರು. ಸ್ಲೈಡ್‌ಔಟ್ ಅನ್ನುವುದಕ್ಕಿಂತ ಅದೇ ಸರಿಯಾದ ಹೆಸರು ಎಂದು ನನಗೂ ಅನ್ನಿಸಿದೆ. ಮೇಜಿನ ಡ್ರಾ ಎಳೆದ ಹಾಗೆ ಬಸ್ಸಿನ ಪಕ್ಕದ ಗೋಡೆಯೇ ಎರಡು ಅಡಿ ಹೊರಗೆ ಬರುತ್ತದೆ. ಒಳಗೆ ಮಂಚ ಹಾಕಿ ಮೇಲೂ ಓಡಾಡಲು ಜಾಗ ಉಳಿಯುತ್ತದೆ. ಅಮೆರಿಕದ ಮೋಟರ್‌ಹೋಮ್‌ಗಳಲ್ಲಿ ಇದು 1990ರ ದಶಕದಿಂದ ರೂಢಿಗೆ ಬಂತು. ನಮ್ಮಲ್ಲಿ ನೀವು ಹೆಚ್ಚಾಗಿ ನೋಡಿರುವುದು ಸಿನಿಮಾ ಶೂಟಿಂಗಿಗೆ ಬರುವ ಕ್ಯಾರವಾನ್‌ಗಳಲ್ಲಿ.

ನನ್ನದು ಬಸ್ಸಿನ ಚಾಸಿಯ ಮೇಲೆ ಕಟ್ಟಿಸಿದ ಗಾಡಿ. ಡ್ರಾ ಹತ್ತು ಅಡಿ ಉದ್ದ. ಅದರೊಳಗೆ ಒಂದು ಮಂಚ, ಒಂದು ಬೀರು. ಗೋಡೆ, ನೆಲ, ಸೂರು ಎಲ್ಲ ಸೇರಿದರೆ ಐದಾರು ಚೀಲ ಮೆಕ್ಕೆಜೋಳದ ತೂಕ. ಈ ತೂಕವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

2022ರ ಸೆಪ್ಟೆಂಬರ್. ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. 1933ರಲ್ಲಿ ಬಿದ್ದದ್ದು ಬಿಟ್ಟರೆ ಅಲ್ಲಿಯವರೆಗೆ ಅದೇ, 89 ವರ್ಷದ ಮೇಲೆ. ಚಿತ್ರದುರ್ಗ ಜಿಲ್ಲೆಯವರಿಗೆ ಅದು ಎಂಥ ಸುದ್ದಿ ಅಂತ ನಾನು ಹೇಳಬೇಕಾಗಿಲ್ಲ. ನಮ್ಮ ಅವ್ವ ಹಠ ಹಿಡಿದರು: “ನಮ್ಮಪ್ಪ ನೋಡಿದ್ದನಂತೆ, ನಾನೂ ಒಂದ್ಸಲ ನೋಡ್ಲೇಬೇಕು.” ಗಾಡಿ ಹೊರಡಿಸಿದೆವು. ಅವ್ವ ಕೋಡಿ ನೋಡಿದರು, ಕೈಮುಗಿದರು, ಬಾಗಿನದ ಹಾಗೆ ಒಂದು ಅರಿಶಿನದ ಕೊಂಬನ್ನು ನೀರಿಗೆ ಹಾಕಿದರು. ಆ ರಾತ್ರಿ ಪರಿಚಯದವರ ಹೊಲದ ಬದಿಯಲ್ಲಿ ಗಾಡಿ ನಿಲ್ಲಿಸಿ, ಡ್ರಾ ತೆಗೆದು ಮಲಗಿದೆವು. ರಾತ್ರಿಯೆಲ್ಲ ಮಳೆ.

ಬೆಳಿಗ್ಗೆ ಬಟನ್ ಒತ್ತಿದೆ. ಒಳಗೆ ರಿಲೇ, ಅಂದರೆ ಮೋಟರಿಗೆ ಕರೆಂಟು ಬಿಡುವ ಸ್ವಿಚ್ಚು, ‘ಟಕ್’ ಅಂದಿತು. ಡ್ರಾ ಎರಡು ಬೆರಳಿನಷ್ಟು ಒಳಕ್ಕೆ ಬಂದು ನಿಂತುಬಿಟ್ಟಿತು. ಮತ್ತೆ ಒತ್ತಿದೆ, ‘ಟಕ್’. ಅಷ್ಟೇ. ಹೈವೇ ಕಡೆಯಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದೆವು. ಕೆಳಗೆ ಬಗ್ಗಿ ನೋಡಿ, “ಮೋಟ್ರು ಹೋಗೈತೆ ಸಾರ್, ಹೊಸದು ತರುಸ್ಬೇಕು” ಅಂದ. ಒಳ್ಳೆಯ ಹುಡುಗ, ಮಳೆಯಲ್ಲಿ ಬಂದಿದ್ದ. ಆದರೆ ಅವನ ಕೈಯಲ್ಲಿ ಪಾನಾ ಇತ್ತು, ಮೀಟರ್ ಇರಲಿಲ್ಲ.

ಇವತ್ತು ನಾನು ಹೇಳಬೇಕಾದದ್ದೆಲ್ಲ ಈ ಎರಡರ ನಡುವೆ ಇದೆ. ಡ್ರಾ ನಿಂತರೆ ಎಲ್ಲರ ಬೆರಳು ಮೋಟರಿನ ಕಡೆ ಹೋಗುತ್ತದೆ. ಮೋಟರ್ ಕಣ್ಣಿಗೆ ಕಾಣುವ ವಸ್ತು, ದುಡ್ಡಿನ ವಸ್ತು. ದೋಷ ಮಾತ್ರ ಬಹಳ ಸಲ ಮೋಟರಿಗೆ ಬರುವ ದಾರಿಯಲ್ಲೇ ಕೂತಿರುತ್ತದೆ.

ಅದಕ್ಕೂ ಮೊದಲು ಆ ಬೆಳಿಗ್ಗೆ ನಡೆದದ್ದು ಪೂರ್ತಿ ಹೇಳಬೇಕು. ಡ್ರಾ ಹೊರಗಿಟ್ಟುಕೊಂಡು ಗಾಡಿ ಓಡಿಸುವ ಹಾಗಿಲ್ಲ. ರಸ್ತೆಯ ಮೇಲೆ ಗಾಡಿಯ ಅಗಲ 2.6 ಮೀಟರ್ ದಾಟುವಂತಿಲ್ಲ ಅನ್ನುವುದು ಕಾನೂನು. ಕಾನೂನು ಇಲ್ಲದಿದ್ದರೂ ಎದುರು ಬರುವ ಲಾರಿಗೆ ನಿಮ್ಮ ಗೋಡೆ ಕಾಣಬೇಕಲ್ಲ. ಹಾಗಾಗಿ ಕೈಯಿಂದಲೇ ಒಳಗೆ ತರಬೇಕು. ಇಂಥ ಹೆಚ್ಚಿನ ಯಂತ್ರಗಳಿಗೆ ಆ ವ್ಯವಸ್ಥೆ ಇರುತ್ತದೆ. ನನ್ನದರಲ್ಲಿ ನೆಲದ ಕೆಳಗೆ ಅಡ್ಡ ಶಾಫ್ಟಿನ ತುದಿಗೆ ಆರು ಮೂಲೆಯ ತಲೆ ಇದೆ, 19ರ ಸಾಕೆಟ್ ಕೂರುತ್ತದೆ. ಮೋಟರಿನ ಬೆನ್ನಲ್ಲಿ ಒಂದು ಸಣ್ಣ ಲಿವರ್ ಇದೆ. ಅದನ್ನು ತಿರುಗಿಸಿದರೆ ಬ್ರೇಕ್ ಬಿಡುತ್ತದೆ, ಆಮೇಲೆ ರ‍್ಯಾಚೆಟ್ ಹಾಕಿ ತಿರುಗಿಸುತ್ತಾ ಹೋಗುವುದು.

ನಾನು ಕೆಳಗೆ ಕೆಸರಿನಲ್ಲಿ ಮಲಗಿದ್ದೆ. ನನ್ನ ಭಾವಮೈದುನ ಒಳಗೆ ನಿಂತು ಡ್ರಾದ ಅಂಚಿಗೆ ಸಿಕ್ಕಿದ ಚಾಪೆ ಎಳೆಯುತ್ತಿದ್ದ. ಗಾಡಿ ಡ್ರಾದ ಎದುರು ಬದಿಗೆ ಸ್ವಲ್ಪ ವಾಲಿ ನಿಂತಿತ್ತು. ರಾತ್ರಿ ಮಳೆಗೆ ಚಕ್ರ ಇಳಿದಿತ್ತೋ ಏನೋ, ನಾನು ಗಮನಿಸಿರಲಿಲ್ಲ. ಲಿವರ್ ತಿರುಗಿಸಿದೆ. ಯಾರೂ ಮುಟ್ಟದೆ, ಸದ್ದೂ ಇಲ್ಲದೆ, ಇಡೀ ಕೋಣೆ ಒಂದು ಗೇಣು ಒಳಕ್ಕೆ ಜಾರಿತು. ಮೇಲಿನಿಂದ ಅವ್ವ “ಕೈ ತಗಿಯೋ!” ಅಂತ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಅವನು ಬೆರಳು ಎಳೆದುಕೊಂಡ. ಉಗುರಿನ ಪಕ್ಕ ಚರ್ಮ ಕಿತ್ತಿತ್ತು, ಅಷ್ಟರಲ್ಲಿ ಹೋಯಿತು. ಐದಾರು ಚೀಲದ ತೂಕ ಅಂತ ಹೇಳಿದೆನಲ್ಲ, ಅದು ಅವನ ನಾಲ್ಕು ಬೆರಳಿನ ಮೇಲೆ ಬರುವುದಿತ್ತು.

ಬ್ರೇಕ್ ಬಿಟ್ಟ ಕ್ಷಣದಿಂದ ಆ ಕೋಣೆಯನ್ನು ಹಿಡಿದಿಡುವುದು ಏನೂ ಇಲ್ಲ. ಆದ್ದರಿಂದ ಮೊದಲು ಗಾಡಿ ಮಟ್ಟ ಮಾಡಿ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಡ್ರಾದ ದಾರಿಗೆ ಅಡ್ಡ ಒಂದು ದಪ್ಪ ಮರದ ತುಂಡು ನಿಲ್ಲಿಸಿ. ಒಳಗೆ ಯಾರಾದರೂ ಇದ್ದಾರಾ ಅಂತ ಕೂಗಿ ಕೇಳಿ, ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ಲಿವರ್ ಮುಟ್ಟಿ. ಡ್ರಾ ಒಳಗೆ ಬಂದ ಮೇಲೆ ಲಿವರ್ ಮತ್ತೆ ಮೊದಲಿನ ಜಾಗಕ್ಕೆ ತಿರುಗಿಸಲೇಬೇಕು. ಮರೆತರೆ ಮೊದಲ ತಿರುವಿನಲ್ಲೇ ಅದು ಹೊರಗೆ ಬರುತ್ತದೆ. ನಾವು ಮುಕ್ಕಾಲು ಗಂಟೆ ತಿರುಗಿಸಿ ಒಳಗೆ ತಂದೆವು. ಲಾಕಿನ ಅಡ್ಡಪಟ್ಟಿ ಹಾಕಿಕೊಂಡು, ನೂರು ಕಿಲೋಮೀಟರಿನಷ್ಟು ದೂರ ನಿಧಾನಕ್ಕೆ ದಾವಣಗೆರೆಗೆ ಬಂದೆವು.

ಮನೆಗೆ ಬಂದ ಮೇಲೆ ಪಾನಾ ಪೆಟ್ಟಿಗೆ ತೆರೆಯಲೇ ಇಲ್ಲ. ಮಲ್ಟಿಮೀಟರ್ ತೆಗೆದೆ, ಮಗನ ಕೈಗೆ ಬಟನ್ ಕೊಟ್ಟೆ.

ಇಲ್ಲಿ ಐಟಿಐ ಹುಡುಗರು ಸ್ವಲ್ಪ ಗಮನ ಕೊಡಿ. ಸುಮ್ಮನಿರುವ ಬ್ಯಾಟರಿ 12.5 ವೋಲ್ಟ್ ತೋರಿಸಿತು. ಚೆನ್ನಾಗಿಯೇ ಇದೆ, ಪೂರ್ತಿ ಚಾರ್ಜಾದ ಲೆಡ್-ಆಸಿಡ್ ಬ್ಯಾಟರಿ 12.6ರ ಆಸುಪಾಸು ಇರುತ್ತದೆ. ಆದರೆ ಸುಮ್ಮನಿರುವಾಗಿನ ಅಳತೆಯನ್ನು ನಂಬಿ ಕೂರಬೇಡಿ. ಭಾರ ಹೊತ್ತಾಗಿನ ಅಳತೆ ಬೇಕು. ಮಗ ಬಟನ್ ಒತ್ತಿದ, ಎರಡು ಸೆಕೆಂಡು, ಅದಕ್ಕಿಂತ ಹೆಚ್ಚು ಬೇಡ. ವೈರನ್ನು ಸುತ್ತ ಕಚ್ಚಿ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ 30 ಆಂಪಿಯರ್. ಬ್ಯಾಟರಿಯ ಕಂಬದ ಮೇಲೆ 12.1 ವೋಲ್ಟ್. ಕೆಳಗೆ ಮೋಟರಿನ ಕನೆಕ್ಷನ್ ಮೇಲೆ ನೋಡಿದರೆ 8.9.

3.2 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. 12 ವೋಲ್ಟಿನ ಮೋಟರಿಗೆ ನಾವು ಒಂಬತ್ತೂ ಕೊಡುತ್ತಿಲ್ಲ, ಮೋಟರ್ ಹೋಗಿದೆ ಅನ್ನುತ್ತಿದ್ದೇವೆ.

ಕಡಿಮೆ ವೋಲ್ಟೇಜು ಮೋಟರನ್ನು ಬರೀ ನಿಧಾನ ಮಾಡುವುದಿಲ್ಲ, ಕೊಲ್ಲುತ್ತದೆ. ತಿರುಗುತ್ತಿರುವ ಡಿ.ಸಿ. ಮೋಟರ್ ತನ್ನೊಳಗೇ ಒಂದು ಎದುರು ವೋಲ್ಟೇಜು ಹುಟ್ಟಿಸಿಕೊಂಡು ಕರೆಂಟನ್ನು ಹಿಡಿತದಲ್ಲಿಡುತ್ತದೆ. ಬಲ ಸಾಲದೆ ನಿಂತರೆ ಆ ಹಿಡಿತ ಹೋಯಿತು. ತಂತಿಯ ರೋಧ ಎಷ್ಟು ಬಿಡುತ್ತದೋ ಅಷ್ಟೂ ಕರೆಂಟು ನಿಂತ ಮೋಟರಿನೊಳಗೆ ಶಾಖವಾಗುತ್ತದೆ. “ಬರ್ತೈತೆ ಬರ್ತೈತೆ, ಇನ್ನೊಂಚೂರು ಒತ್ತು” ಅಂತ ಬಟನ್ ಒತ್ತಿಹಿಡಿಯುತ್ತೇವಲ್ಲ, ಚೆನ್ನಾಗಿದ್ದ ಮೋಟರು ಸುಡುವುದೇ ಆಗ.

ಸರಿ, 3.2 ವೋಲ್ಟ್ ಎಲ್ಲಿ ಹೋಯಿತು? ಬಾಡಿ ಕಟ್ಟಿದವರು ಬ್ಯಾಟರಿಯಿಂದ ಮೋಟರಿನವರೆಗೆ ಏಳು ಮೀಟರ್ 4 ಚದರ ಮಿಲಿಮೀಟರಿನ ವೈರು ಎಳೆದಿದ್ದರು. ಅಂಥ ತಾಮ್ರದ ವೈರಿಗೆ ಮೀಟರಿಗೆ ಸುಮಾರು 5 ಮಿಲಿಓಮ್ ರೋಧ. ಏಳು ಮೀಟರಿಗೆ 35. ಅದನ್ನು 30 ಆಂಪಿಯರ್‌ಗೆ ಗುಣಿಸಿ: ಒಂದು ವೋಲ್ಟ್. ಅಲ್ಲಿಗೆ ಲೆಕ್ಕ ಮುಗಿಯಲಿಲ್ಲ. ಇನ್ನೂ 2.2 ಉಳಿಯಿತು.

ಇಲ್ಲಿ ನನ್ನ ಅಪ್ಪನ ಮಾತು ಹೇಳದೆ ಮುಂದೆ ಹೋಗಲಾರೆ. ಅಪ್ಪ ಕಾಟನ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಬೇರಿಂಗ್ ಬಿಸಿಯಾಗಿದೆಯಾ ಅಂತ ನೋಡುವಾಗ ಅಂಗೈ ಇಡುತ್ತಿರಲಿಲ್ಲ, ಬೆರಳಿನ ಹಿಂಬದಿ ತಾಗಿಸುತ್ತಿದ್ದರು. ಅಲ್ಲಿಯ ಚರ್ಮ ತೆಳು, ಬೇಗ ಗೊತ್ತಾಗುತ್ತದೆ. ಸುಟ್ಟರೂ ಮರುದಿನ ಪಾನಾ ಹಿಡಿಯಬಹುದು. ಮಿಲ್ಲಿನಿಂದ ಬಂದು ಸೈಕಲ್ ನಿಲ್ಲಿಸುವಾಗಲೂ ಹಬ್ಬಿಗೆ ಒಮ್ಮೆ ಬೆರಳು ತಾಗಿಸುವ ರೂಢಿ ಅವರದು. ಚಿಕ್ಕವನಿದ್ದಾಗ ಅದೇನು ಗೀಳು ಅಂದುಕೊಂಡಿದ್ದೆ. ಆವತ್ತು ನಾಲ್ಕೈದು ಸಲ ಬಟನ್ ಒತ್ತಿಸಿದ ಮೇಲೆ, ನಾನೂ ಕೆಳಗೆ ಮಲಗಿ ಒಂದೊಂದೇ ಲಗ್ಗಿಗೆ, ಅಂದರೆ ವೈರಿನ ತುದಿಯ ಲೋಹದ ಬಳೆಗೆ, ಬೆರಳಿನ ಹಿಂಬದಿ ತಾಗಿಸುತ್ತಾ ಹೋದೆ. ಫ್ಯೂಸಿನ ಹತ್ತಿರ ತಣ್ಣಗೆ. ರಿಲೇ ಹತ್ತಿರ ತಣ್ಣಗೆ. ಚಾಸಿಗೆ ಅರ್ತ್ ಕೊಟ್ಟ ಬೋಲ್ಟಿನ ಮೇಲೆ, ಅಂದರೆ ಕರೆಂಟು ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ಜಾಗದಲ್ಲಿ, ಚುರ್ ಅಂದಿತು.

ಮೀಟರಿನ ಒಂದು ಕಡ್ಡಿಯನ್ನು ಮೋಟರಿನ ಮೈನಸ್ಸಿಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದು ಬಟನ್ ಒತ್ತಿಸಿದೆ. 2.2. ಸಿಕ್ಕಿತು. ಬೋಲ್ಟ್ ಬಿಚ್ಚಿದರೆ, ಲಗ್ಗಿನ ಕೆಳಗೆ ಚಾಸಿಯ ಬಣ್ಣ ಹಾಗೇ ಇದೆ! ಬಣ್ಣದ ಮೇಲೆಯೇ ಲಗ್ಗು ಕೂರಿಸಿದ್ದಾರೆ. ಕರೆಂಟು ಬೋಲ್ಟಿನ ಮರೆಯ (ಥ್ರೆಡ್ಡಿನ) ಮೂಲಕ ಮಾತ್ರ ದಾಟುತ್ತಿತ್ತು, ಆ ಮರೆಗೆ ತುಕ್ಕು. ಲಗ್ಗಿನ ಒಳಭಾಗ ನವಿಲುಬಣ್ಣಕ್ಕೆ ತಿರುಗಿತ್ತು. ಉಪ್ಪುಕಾಗದದಿಂದ ಚಾಸಿಯನ್ನು ಬೆಳ್ಳಗೆ ಹೊಳೆಯುವವರೆಗೆ ತಿಕ್ಕಿದೆ. ಹೊಸ ಲಗ್ಗನ್ನು ಸರಿಯಾದ ಕ್ರಿಂಪಿಂಗ್ ಇಕ್ಕಳದಲ್ಲೇ ಒತ್ತಿಸಿದೆ. ಸುತ್ತಿಗೆಯಲ್ಲಿ ಜಜ್ಜುವುದನ್ನು ದಯವಿಟ್ಟು ಬಿಡಿ. ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಪ್ಲಸ್ ಕಡೆ ವೈರು 16 ಚದರ ಮಿಲಿಮೀಟರಿನದು ಎಳೆದೆ. ಅಲ್ಲಿ ಒಂದು ವೋಲ್ಟ್ ಹೋಗುತ್ತಿದ್ದದ್ದು ಕಾಲು ವೋಲ್ಟಿಗೆ ಇಳಿಯಿತು. ಬಟನ್ ಒತ್ತಿದರೆ ಡ್ರಾ ಹೊಸದಿದ್ದಾಗಿನ ಹಾಗೆ ಹೊರಟಿತು. ಅದೇ ಮೋಟರ್. ಇವತ್ತಿಗೂ ಅದೇ ಓಡುತ್ತಿದೆ.

ವೈರಿನ ಮಾತು ಬಂದದ್ದರಿಂದ ಬಾಡಿ ಕಟ್ಟುವ ಅಣ್ಣಂದಿರಿಗೆ ಒಂದು ಬಿನ್ನಹ. ನಮ್ಮ ಬಸ್ಸು, ಲಾರಿಗಳ ಚಾಸಿ 24 ವೋಲ್ಟಿನದು, ಎರಡು 12 ವೋಲ್ಟಿನ ಬ್ಯಾಟರಿ ಸರಣಿಯಲ್ಲಿ. ಡ್ರಾದ ಮೋಟರು ಸಾಮಾನ್ಯವಾಗಿ 12ರದು. ಎರಡರಲ್ಲಿ ಒಂದೇ ಬ್ಯಾಟರಿಯಿಂದ 12 ಎಳೆದುಕೊಂಡುಬಿಡುತ್ತಾರೆ, ಲಾರಿಗೆ ಟೇಪ್‌ರೆಕಾರ್ಡರ್ ಹಾಕುವಾಗ ಮಾಡುತ್ತಿದ್ದ ಹಾಗೆ. ಆಗ ಒಂದು ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದಕ್ಕೆ ಹೊಟ್ಟೆ ಬಿರಿಯುವಷ್ಟು ಚಾರ್ಜು. ಎರಡೂ ಬೇಗ ಸಾಯುತ್ತವೆ. ಮನೆಯ ಭಾಗಕ್ಕೆ ಪ್ರತ್ಯೇಕ 12 ವೋಲ್ಟ್ ಬ್ಯಾಟರಿ ಕೊಡಿ, ಚಾಸಿಯಿಂದ ಅದಕ್ಕೆ ಕನ್ವರ್ಟರ್ ಮೂಲಕ ಚಾರ್ಜು ಕೊಡಿ.

ವೋಲ್ಟೇಜು ಮೊದಲನೆಯದು. ಈಗ ಎರಡನೆಯದಕ್ಕೆ ಬರುತ್ತೇನೆ: ಡ್ರಾ ನೇರ ಓಡುತ್ತಿದೆಯಾ ಅನ್ನುವುದು. ಡ್ರಾ ಓಡಿತು, ಆದರೆ ಮುಂದಿನ ಮೂಲೆ ಹಿಂದಿನದಕ್ಕಿಂತ 12 ಮಿಲಿಮೀಟರ್ ತಡವಾಗಿ ಬರುತ್ತಿತ್ತು. ನಾಯಕನಹಟ್ಟಿ ತೇರು ಎಳೆಯುವುದನ್ನು ನೋಡಿದ್ದೀರಲ್ಲ? ಒಂದು ಕಡೆಯ ಜನ ಜೋರಾಗಿ ಎಳೆದರೆ ತೇರು ಸೊಟ್ಟ ತಿರುಗುತ್ತದೆ. ಚಕ್ರಕ್ಕೆ ಮರದ ತುಂಡು ಕೊಟ್ಟು ದಾರಿಗೆ ತರುವವರು ಇಲ್ಲದಿದ್ದರೆ ಅದು ಬೀದಿಯಲ್ಲಿ ಉಳಿಯುವುದಿಲ್ಲ. ಡ್ರಾಕ್ಕೂ ಎರಡು ಮಿಣಿ. ನನ್ನದರಲ್ಲಿ ಎರಡು ಹಲ್ಲುಪಟ್ಟಿ, ಅವುಗಳ ಮೇಲೆ ಓಡುವ ಎರಡು ಪಿನಿಯನ್ (ಸಣ್ಣ ಹಲ್ಲುಚಕ್ರ), ಎರಡನ್ನೂ ಜೋಡಿಸುವ ಒಂದು ಅಡ್ಡ ಶಾಫ್ಟು, ಒಂದು ಮೋಟರು. ಒಂದು ಪಿನಿಯನ್ನನ್ನು ಶಾಫ್ಟಿಗೆ ಹಿಡಿದಿಡುವ ಕೀ ಸವೆದರೂ, ಹಲ್ಲುಪಟ್ಟಿಯ ತುದಿಯ ಬ್ರ್ಯಾಕೆಟ್ ಬೋಲ್ಟ್ ಸಡಿಲಾದರೂ ಒಂದು ಕಡೆ ಹಿಂದೆ ಬೀಳುತ್ತದೆ.

ಕೆಲವರ ಗಾಡಿಯಲ್ಲಿ ಗೋಡೆಯೊಳಗೇ ಎರಡು ಕಡೆ ಎರಡು ಸಣ್ಣ ಮೋಟರು ಇರುತ್ತವೆ. ಅವುಗಳನ್ನು ಜೋಡಿಸುವ ಶಾಫ್ಟು ಇಲ್ಲ. ಸೆನ್ಸರಿನಿಂದ ಸುತ್ತು ಎಣಿಸಿ ಕಂಟ್ರೋಲರೇ ಎರಡನ್ನೂ ಸಮ ಓಡಿಸುತ್ತದೆ. ಅಂಥದ್ದನ್ನು ಅರ್ಧಕ್ಕೆ ನಿಲ್ಲಿಸಿ, ಹಿಂದೆ ಮುಂದೆ ಮಾಡಿ ಆಡಿಸಿದರೆ ಲೆಕ್ಕ ತಪ್ಪುತ್ತದೆ. ಪೂರ್ತಿ ಹೊರಗೆ ಬಿಟ್ಟು, ಎರಡೂ ಮೋಟರು ತಾವಾಗಿ ನಿಲ್ಲುವವರೆಗೆ ಬಟನ್ ಹಿಡಿದರೆ ಲೆಕ್ಕ ಮತ್ತೆ ಕೂಡುತ್ತದೆ. ಅಲ್ಲಿಯೂ ವೋಲ್ಟೇಜು ಕಡಿಮೆಯಾದರೆ ಮೊದಲು ತಪ್ಪುವುದು ಈ ಎಣಿಕೆಯೇ.

ನೇರ ನೋಡುವುದಕ್ಕೆ ಟೇಪು ಸಾಕು. ಡ್ರಾ ಅರ್ಧ ಹೊರಗಿರುವಾಗ ನಾಲ್ಕೂ ಮೂಲೆಯಲ್ಲಿ ಬಸ್ಸಿನ ಗೋಡೆಯಿಂದ ಡ್ರಾದ ಹೊರ ಅಂಚಿಗೆ ಅಳೆದು, ಸೀಮೆಸುಣ್ಣದಲ್ಲಿ ಅಲ್ಲೇ ಬರೆಯಿರಿ. ನನ್ನದರಲ್ಲಿ ಮುಂದಿನ ಬ್ರ್ಯಾಕೆಟ್ಟಿನ ಎರಡು ಬೋಲ್ಟ್ ಕೈಯಲ್ಲೇ ತಿರುಗುತ್ತಿದ್ದವು. ಅದರ ತೂತು ಉದ್ದನೆಯದು, ಹೊಂದಿಸಲೆಂದೇ ಇರುವುದು. ಸರಿಸಿದೆ, ಅಳೆದೆ, ಬಿಗಿದೆ, ಡ್ರಾ ಓಡಿಸಿ ಮತ್ತೆ ಅಳೆದೆ. ನಾಲ್ಕನೆಯ ಸಲಕ್ಕೆ 12 ಮಿಲಿಮೀಟರ್ ಎರಡಕ್ಕೆ ಬಂತು.

ಹಲ್ಲುಪಟ್ಟಿಗೆ ಗ್ರೀಸ್ ಹಚ್ಚಬೇಕಲ್ಲವಾ ಅಂತ ಕೇಳುತ್ತೀರಿ. ಹಚ್ಚಬೇಡಿ. ಚಿತ್ರದುರ್ಗದ ಗಾಳಿ ನಿಮಗೆ ಗೊತ್ತು, ಗುಡ್ಡದ ತುಂಬ ಗಾಳಿಯಂತ್ರ ನೆಟ್ಟಿರುವುದು ಸುಮ್ಮನಲ್ಲ. ಆಷಾಢದಲ್ಲಿ ಒಂದು ದಿನ ಗಾಡಿ ಹೊರಗಿಟ್ಟರೆ ಕೆಂಪು ಧೂಳು ಗ್ರೀಸಿಗೆ ಮೆತ್ತಿಕೊಂಡು ಸಾಣೆ ಹಿಡಿಯುವ ಮುಲಾಮಿನಂತಾಗುತ್ತದೆ, ಹಲ್ಲನ್ನು ತಿನ್ನುತ್ತದೆ. ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಒಣಗಿದ ಮೇಲೆ ಜಿಡ್ಡಾಗದ ಒಣ ಲೂಬ್ರಿಕೆಂಟ್ ಸ್ಪ್ರೇ ಹೊಡೆದರೆ ಸಾಕು.

ಸುತ್ತಲಿನ ಬೀಡಿಂಗ್ ರಬ್ಬರಿಗೂ ಇದೇ ಮಾತು. ಅದು ಹೆಚ್ಚಾಗಿ ಇ.ಪಿ.ಡಿ.ಎಂ. ರಬ್ಬರು. ಬಿಸಿಲು, ನೀರು ಎರಡನ್ನೂ ತಡೆಯುತ್ತದೆ, ಪೆಟ್ರೋಲಿಯಂ ಎಣ್ಣೆ ಮಾತ್ರ ತಡೆಯುವುದಿಲ್ಲ. ಹಳೆ ಎಂಜಿನ್ ಆಯಿಲ್ ಸವರಿದರೆ ಉಬ್ಬಿ, ಮೆತ್ತಗಾಗಿ, ಡ್ರಾ ಓಡುವಾಗ ಸುರುಳಿ ಸುತ್ತಿ ಹರಿಯುತ್ತದೆ. ಸೋಪುನೀರಿನಲ್ಲಿ ಒರೆಸಿ ಸಿಲಿಕೋನ್ ಸ್ಪ್ರೇ ಹಾಕಿ.

ರಬ್ಬರಿನ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಉಂಟು. ನೇರ ಮಾಡಿದ ಮೇಲೂ ಒಂದು ಮೂಲೆಯಲ್ಲಿ ‘ಕರ್’ ಅನ್ನುವ ಸದ್ದು ಉಳಿದಿತ್ತು. ಡ್ರಾದ ನೆಲದ ಹೊರಮೂಲೆ, ಕೆಳಗಡೆ. ಮೇಲಿನಿಂದ ನೋಡಿದರೆ ವಿನೈಲ್ ಹಾಸು ಹೊಸದರಂತೆ ಹೊಳೆಯುತ್ತಿದೆ. ಕೆಳಗಿನಿಂದ ಸ್ಕ್ರೂಡ್ರೈವರ್ ತುದಿ ಒತ್ತಿದೆ. ಚಹದಲ್ಲಿ ನೆನೆದ ರಸ್ಕಿಗೆ ಚಮಚ ಇಳಿದ ಹಾಗೆ ಪ್ಲೈವುಡ್ಡಿನೊಳಕ್ಕೆ ಇಳಿಯಿತು. ಹೊರಗೆ ತೆಗೆದರೆ ತುದಿಯಲ್ಲಿ ಕಪ್ಪು ಹಿಟ್ಟು, ಅಣಬೆಯ ವಾಸನೆ. ಮೇಲಿನ ಮೂಲೆಯ ರಬ್ಬರು ಒಂದು ಅಂಗುಲ ಹರಿದಿತ್ತು. ಅಲ್ಲಿಂದ ಇಳಿದ ನೀರು ಗೋಡೆಯೊಳಗೇ ಹರಿದು ನೆಲದ ಮೂಲೆಯಲ್ಲಿ ನಿಲ್ಲುತ್ತಿತ್ತು, ಎಷ್ಟು ಮಳೆಗಾಲದಿಂದಲೋ. ನೆಲ ಮೆತ್ತಗಾಗಿ ರೋಲರ್ ಅದರೊಳಗೆ ಹೂತು, ಮೋಟರ್ ಆ ಗುಳಿಯಿಂದ ಡ್ರಾವನ್ನು ಎತ್ತಿ ಎಳೆಯಬೇಕಾಗಿತ್ತು. 30 ಆಂಪಿಯರಿನಲ್ಲಿ ಒಂದು ಪಾಲು ಈ ಗುಳಿಯದ್ದು.

ಈ ಕೆಲಸಕ್ಕೆ ಮೂರು ದಿನ ಹಿಡಿಯಿತು. ಡ್ರಾದ ತೂಕವನ್ನು ಎರಡು ಜಾಕಿ ಮತ್ತು ಹಲಗೆಯ ಮೇಲೆ ಹೊರಿಸಿ, ಜಾಕಿಯನ್ನೇ ನಂಬದೆ ಪಕ್ಕದಲ್ಲಿ ಮರದ ಅಟ್ಟಣೆಯನ್ನೂ ಕಟ್ಟಿ, ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿದೆವು. ನಮ್ಮ ಓಣಿಯ ಬಡಗಿಯೊಬ್ಬರು ಜೊತೆಗಿದ್ದರು. ಕೀಲು ಕೂಡಿಸುವುದರಲ್ಲಿ ಅವರ ಕೈ ನನಗೆ ಬರುವುದಲ್ಲ. ಹಾಕಿದ್ದು ಐ.ಎಸ್. 710 ಗುರುತಿನ 18 ಮಿಲಿಮೀಟರಿನ ಮರೀನ್ ಪ್ಲೈ. ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಅಂತ ಕೊಟ್ಟದ್ದನ್ನು ತರಬೇಡಿ, ಹಲಗೆಯ ಮೇಲೆ ಆ ಸಂಖ್ಯೆ ಹುಡುಕಿ. ಕತ್ತರಿಸಿದ ಅಂಚಿಗೆಲ್ಲ ಎಪಾಕ್ಸಿ ಕುಡಿಸಬೇಕು. ನೀರು ಹೀರುವುದು ಹಲಗೆಯ ಮುಖದಿಂದ ಅಲ್ಲ, ಅಂಚಿನಿಂದ. ಇದೆಲ್ಲ ಆದ ಮೇಲೆ ಕ್ಲ್ಯಾಂಪ್ ಹಾಕಿ ನೋಡಿದರೆ 30 ಆಂಪಿಯರ್ ಇದ್ದದ್ದು 17.

ನೀವೇ ಮಾಡಬಾರದ ಕೆಲಸಗಳೂ ಇವೆ. ಹೈಡ್ರಾಲಿಕ್ ಡ್ರಾ ಇದ್ದರೆ ಎಣ್ಣೆಯ ಮಟ್ಟ ನೋಡುವುದು, ಅದೂ ಡ್ರಾ ಪೂರ್ತಿ ಒಳಗಿರುವಾಗ, ಅಷ್ಟನ್ನು ಮಾಡಿ. ಸೋರಿಕೆಯನ್ನು ಕೈಯಾಡಿಸಿ ಹುಡುಕಬೇಡಿ. ಸೂಜಿಯ ಮೊನೆಯಷ್ಟು ತೂತಿನಿಂದ ಒತ್ತಡದಲ್ಲಿ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಕಾಣುತ್ತದೆ, ಆದರೆ ತಕ್ಷಣ ಆಸ್ಪತ್ರೆಗೆ ಹೋಗದಿದ್ದರೆ ಬೆರಳೇ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ. ಡ್ರಾದೊಳಗೆ ಗ್ಯಾಸಿನ ಪೈಪು ಬಂದಿದ್ದರೆ ಅದನ್ನು ತಿಳಿದವರಿಗೇ ಬಿಡಿ. ಚೌಕಟ್ಟಿನ ವೆಲ್ಡಿಂಗ್ ಬಿರಿದಿದ್ದರೂ ಹಾಗೆಯೇ. ಇನ್ನೊಂದು, ಇದ್ದ ಡ್ರಾವನ್ನು ರಿಪೇರಿ ಮಾಡುವುದು ಬೇರೆ, ಇಲ್ಲದ ಗಾಡಿಗೆ ಗೋಡೆ ಕೊರೆದು ಹೊಸದಾಗಿ ಡ್ರಾ ಹಾಕುವುದು ಬೇರೆ. ಎರಡನೆಯದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಆರ್‌ಟಿಒ ಒಪ್ಪಿಗೆ ಇಲ್ಲದೆ ಗ್ರೈಂಡರ್ ಹಿಡಿಯಬೇಡಿ.

ಹೋದ ವರ್ಷ ಅವ್ವನನ್ನು ಮತ್ತೆ ಅದೇ ಹೊಲಕ್ಕೆ ಕರೆದುಕೊಂಡು ಹೋಗಿದ್ದೆ. ಗಾಡಿ ನಿಲ್ಲಿಸಿದ ಕೂಡಲೇ ಅವರು ಕೇಳಿದ್ದು, “ಮಟ್ಟ ನೋಡಿದೇನೋ?” ಸೀಟಿನ ಕೆಳಗಿಂದ ನೀರುಮಟ್ಟದ ಕಡ್ಡಿ ತೆಗೆದು ನೆಲದ ಮೇಲೆ ಇಟ್ಟು ತೋರಿಸಿದ ಮೇಲೆಯೇ ಮಂಚದ ಮೇಲೆ ಕೂತರು. ಭಾವಮೈದುನ ಪಕ್ಕದಲ್ಲಿ ನಿಂತು ಬಟನ್ ಒತ್ತಿದ, ಎರಡೂ ಕೈ ಕಾಣುವ ಹಾಗೆ.

ಗಾಡಿ ಹೊರಗೆ ನಿಲ್ಲಿಸಿದ್ದೇನೆ. ಚಕ್ರಕ್ಕೆ ಕಲ್ಲು ಕೊಟ್ಟಾಗಿದೆ. ಐಟಿಐ ಹುಡುಗರಲ್ಲಿ ಇಬ್ಬರು ಮೊದಲು ಬನ್ನಿ. ಒಬ್ಬರು ಬಟನ್ ಹಿಡಿಯಿರಿ, ಒಬ್ಬರು ಮೋಟರಿನ ಹತ್ತಿರ ಮೀಟರ್ ಹಿಡಿದು ಓದಿದ್ದನ್ನು ಜೋರಾಗಿ ಹೇಳಿ. ಉಳಿದವರು ಹಳದಿ ಗೆರೆಯ ಆಚೆಯೇ ನಿಲ್ಲಿ.